ಹಳ್ಳದಹಟ್ಟಿಯ ಐಸ್ ಪೆಟ್ಟಿಗೆ

ಶಿಷ್ಯ ಕೇಳಿದ: "ಗುರುಗಳೇ, ಗುರುವಿನ ತಪ್ಪೊಂದು ಶಿಷ್ಯನ ಕಣ್ಣಿಗೆ ಬಿದ್ದರೆ ಅವನು ಏನು ಮಾಡಬೇಕು?"

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಯಾವ ಗುರು? ಯಾವ ತಪ್ಪು?"

"ಯಾರದೂ ಅಲ್ಲ ಗುರುಗಳೇ. ಸುಮ್ಮನೆ ಕೇಳಿದೆ."

ಶಿಷ್ಯನ ಹೆಸರು ಚನ್ನವೀರ. ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಸುಮ್ಮನೆ ಏನನ್ನೂ ಕೇಳುವ ಆಸಾಮಿಯಲ್ಲ.

"ಸುಮ್ಮನೆ ಕೇಳಿದವನಿಗೆ ಸುಮ್ಮನೆ ಒಂದು ಕತೆ ಹೇಳುತ್ತೇನೆ, ಕೂತುಕೋ. ಕಂಬಕ್ಕೆ ಒರಗಬೇಡ. ಒರಗಿದರೆ ತೂಕಡಿಸುತ್ತೀಯ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವಿಜ್ಞಾನಿ ಇದ್ದಳು. ಹೆಸರಿಲ್ಲದ ಕತೆ ನಿನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಅಂಬುಜಾಕ್ಷಿ ಅಂತ ಇಟ್ಟುಕೋ. ಮನುಷ್ಯರ ಕರುಳಿನಲ್ಲಿ ಸೇರಿಕೊಂಡು ವಾಂತಿಭೇದಿ ತರುವ ಬ್ಯಾಕ್ಟೀರಿಯಾಗಳ ಬೆನ್ನು ಹತ್ತುವುದು ಅವಳ ಕೆಲಸ. ಅಕ್ಕಸಾಲಿಗ ಚಿನ್ನ ನೋಡುವಷ್ಟು ಗಮನವಿಟ್ಟು ಅವಳು ರೋಗಿಗಳ ಮಲ ನೋಡುತ್ತಿದ್ದಳು. ಮುಖ ಸಿಂಡರಿಸಬೇಡ. ನಿನ್ನ ಹೊಟ್ಟೆಯಲ್ಲಿ ಇರುವುದೇನು, ಗಂಧದ ಕೊರಡೇ?

ಮೂವತ್ತೆರಡು ವರ್ಷ ಅದೇ ಕೆಲಸ. ಮದುವೆಯಾಗಲಿಲ್ಲ. ಆಗಲಿಲ್ಲವೆಂದು ಕೊರಗಲೂ ಇಲ್ಲ, ಪುರುಸೊತ್ತಾದರೂ ಎಲ್ಲಿತ್ತು? ಯಾವ ಹಳ್ಳಿಯಲ್ಲಿ ವಾಂತಿಭೇದಿ ಎಂದು ಸುದ್ದಿ ಬಂದರೂ ಬಸ್ಸು ಹತ್ತಿ ಹೊರಟುಬಿಡುತ್ತಿದ್ದಳು. ರೋಗಿಗಳ ಮಲವನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ತರಬೇಕು. ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಸವರಬೇಕು. ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಡಬೇಕು. ಆಗ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತದೆ. ಬೆಳೆದದ್ದು ಯಾವುದೆಂದು ಗುರುತು ಹಿಡಿದರೆ ಕಳ್ಳ ಸಿಕ್ಕಿದ ಹಾಗೆ. ಕಳ್ಳ ಸಿಕ್ಕಿದರೆ ಅವನು ಬಂದ ದಾರಿ ಮುಚ್ಚಬಹುದು. ಅಂಬುಜಾಕ್ಷಿ ಹೀಗೆ ಎಷ್ಟೋ ಹಳ್ಳಿಗಳಲ್ಲಿ ಕಳ್ಳನನ್ನು ಹಿಡಿದಳು. ಎಷ್ಟೋ ಕೂಸುಗಳು ಅವಳ ದೆಸೆಯಿಂದ ಬದುಕಿದವು.

ಅವಳದೊಂದು ನಿಯಮವಿತ್ತು. ಡಬ್ಬಿಗೆ ಹಾಕಿದ ಸ್ಯಾಂಪಲ್ಲು ಐಸಿನಲ್ಲೇ ಬರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೇಸಿಗೆಯ ಬಿಸಿಲಿನಲ್ಲಿ ತಂದ ಸ್ಯಾಂಪಲ್ಲುಗಳೆಲ್ಲ ದಾರಿಯಲ್ಲೇ ಕೆಟ್ಟು ಹೋಗಿದ್ದವು. ಬೇಡದ ಕ್ರಿಮಿಗಳೆಲ್ಲ ಬೆಳೆದು ಬೇಕಾದ ಕ್ರಿಮಿ ಮುಚ್ಚಿಹೋಗಿತ್ತು. ಅಂದು ಅವಳು ಐಸು ಹಿಡಿದಳು, ಮತ್ತೆ ಬಿಡಲಿಲ್ಲ. ಬಸ್ಸಿನಲ್ಲಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದಳು. ಬಾಣಂತಿ ಮಗು ಹೊತ್ತ ಹಾಗೆ. ಐಸು ಕರಗಿ ಬಂದ ಸ್ಯಾಂಪಲ್ಲನ್ನು ತಟ್ಟೆಗೆ ತಾಗಿಸಲೂ ಕೂಡದು, ಎಸೆಯಬೇಕು. ಒಮ್ಮೆ ಒಬ್ಬ ವಿದ್ಯಾರ್ಥಿ ಕರಗಿದ ಪೆಟ್ಟಿಗೆ ತಂದು "ನಡೆಯುತ್ತೆ ಬಿಡಿ ಮೇಡಂ" ಎಂದ. ಅಂಬುಜಾಕ್ಷಿ ಅವನನ್ನು ಪ್ರಯೋಗಾಲಯದಿಂದಲೇ ಕಳಿಸಿಬಿಟ್ಟಳು. ಅಂದಿನಿಂದ ಅಲ್ಲಿ ಐಸಿನ ವಿಷಯದಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಹಳ್ಳದಹಟ್ಟಿ ಎಂಬ ಒಂದು ಹಳ್ಳಿ. ಅಲ್ಲಿ ಪ್ರತಿ ವರ್ಷ, ಮುಂಗಾರಿಗೆ ಮುಂಚೆ, ವಾಂತಿಭೇದಿ ಬರುತ್ತಿತ್ತು. ಅಂಬುಜಾಕ್ಷಿ ಪ್ರತಿ ವರ್ಷ ಹೋಗುತ್ತಿದ್ದಳು, ಸ್ಯಾಂಪಲ್ಲು ತರುತ್ತಿದ್ದಳು. ತಟ್ಟೆಯಲ್ಲಿ ರೋಗದ ಕ್ರಿಮಿ ಮಾತ್ರ ಬೆಳೆಯುತ್ತಿರಲಿಲ್ಲ. ನಲ್ಲಿಯ ನೀರನ್ನೂ ತಂದು ನೋಡಿದಳು. ನೀರೂ ಐಸಿನಲ್ಲೇ ಬಂತು. ಅದರಲ್ಲೂ ಏನಿಲ್ಲ. ಕೊನೆಗೆ ಅವಳು ತೀರ್ಮಾನಕ್ಕೆ ಬಂದಳು: ಇಲ್ಲಿ ನೀರಿನ ದೋಷವಿಲ್ಲ, ಬಿಸಿಲಿಗೆ ತಂಗಳು ಊಟ ಹಳಸಿ ಹೀಗಾಗುತ್ತಿದೆ. ಹಾಗೆಂದು ಬರೆದು ಕೊಟ್ಟಳು. ಅವಳು ಬರೆದ ಮೇಲೆ ಎರಡನೆಯ ಮಾತುಂಟೇ? ಊರ ನೀರಿನ ಗೊಡವೆಗೆ ಯಾರೂ ಹೋಗಲಿಲ್ಲ.

ಆ ಊರಿನಲ್ಲಿ ಕೆಂಚಮ್ಮ ಎಂಬ ಮುದುಕಿ ಇದ್ದಳು. ಬಾಯಿ ಜೋರು. ಅಂಬುಜಾಕ್ಷಿ ಬಸ್ಸಿಳಿದರೆ ಸಾಕು, "ಬಂದ್ಲಪ್ಪಾ ನಮ್ಮ ಹೇಲು ಡಾಕ್ಟ್ರಮ್ಮ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಮನೆ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ನಾಚಿಕೊಂಡು ಡಬ್ಬಿ ಕೊಡದ ಗಂಡಸರಿಗೆ ಬೈದು ಕೊಡಿಸುತ್ತಿದ್ದಳು. ಅಂಬುಜಾಕ್ಷಿ ಅವಳಿಗೆ ಒಂದು ಮಾತು ಹೇಳಿದ್ದಳು: "ಕೆಂಚಮ್ಮ, ನೀನು ತಂಗಳು ಮುದ್ದೆ ತಿನ್ನೋದು ಬಿಟ್ಟುಬಿಡು." ಮುದುಕಿಗೆ ತಂಗಳು ಮುದ್ದೆಗೆ ಮಜ್ಜಿಗೆ ಕಿವುಚಿಕೊಂಡು ಕುಡಿಯುವುದೆಂದರೆ ಪ್ರಾಣ. ಆದರೂ ಬಿಟ್ಟಳು. ಡಾಕ್ಟ್ರಮ್ಮ ಹೇಳಿದಳಲ್ಲ, ಆಯಿತು.

ಈಗ ಶಾಹಿದಾ ಎಂಬವಳ ವಿಷಯ. ಅವಳು ಅಂಬುಜಾಕ್ಷಿಯ ಶಿಷ್ಯೆ. ಪಿಎಚ್‌ಡಿ ಮಾಡಲು ಬಂದವಳು, ಮುಗಿದರೂ ಬಿಟ್ಟು ಹೋಗಲಿಲ್ಲ. ಇಬ್ಬರೂ ದಿನವೂ ಜಗಳವಾಡುತ್ತಿದ್ದರು. "ಇದೇನು ಅಕ್ಷರವೇ ಇಲ್ಲ ಇರುವೆ ಸಾಲೇ?" ಎಂದು ಅಂಬುಜಾಕ್ಷಿ. "ನಿಮ್ಮ ಕನ್ನಡಕ ಮೊದಲು ಒರೆಸಿಕೊಳ್ಳಿ" ಎಂದು ಶಾಹಿದಾ. ಮಧ್ಯಾಹ್ನ ಅಂಬುಜಾಕ್ಷಿ ತಂದ ಮೊಸರನ್ನದಲ್ಲಿ ಅರ್ಧ ಶಾಹಿದಾಳ ಪಾಲು. ರಂಜಾನಿನ ಒಂದು ತಿಂಗಳು ಅಂಬುಜಾಕ್ಷಿಯೂ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಸಂಜೆ ಶಾಹಿದಾ ಖರ್ಜೂರ ಬಾಯಿಗಿಟ್ಟ ಮೇಲೆ ಇಬ್ಬರೂ ಸೇರಿ ಉಣ್ಣುತ್ತಿದ್ದರು. ಯಾರಾದರೂ ಕೇಳಿದರೆ, "ವಯಸ್ಸಾಯಿತು, ಮಧ್ಯಾಹ್ನ ಹಸಿವಾಗುವುದಿಲ್ಲ" ಎನ್ನುತ್ತಿದ್ದಳು. ಸುಳ್ಳು. ಹಸಿವಾಗಿ ಅವಳ ಹೊಟ್ಟೆ ಗುರ್ ಎನ್ನುವುದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು.

ಅಂಬುಜಾಕ್ಷಿಯ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಮೂವತ್ತೆರಡು ವರ್ಷದ ಕೆಲಸವನ್ನೆಲ್ಲ ಸೇರಿಸಿ ಒಂದು ಪುಸ್ತಕ ಬರೆದಿದ್ದಳು. ಅದರಲ್ಲಿ ಐಸಿನ ನಿಯಮಕ್ಕೇ ಒಂದು ಅಧ್ಯಾಯ. ಅಷ್ಟರಲ್ಲಿ ಹಳ್ಳದಹಟ್ಟಿಯಿಂದ ಸುದ್ದಿ ಬಂತು, ಈ ವರ್ಷವೂ ಶುರುವಾಗಿದೆ ಎಂದು. "ನೀನು ಪುಸ್ತಕ ತಿದ್ದುತ್ತಿರು. ಇದು ನನ್ನ ಕಡೆಯ ಸಲ, ಕೆಂಚಮ್ಮನಿಗೂ ಹೇಳಿ ಬರುತ್ತೇನೆ" ಎಂದು ಶಾಹಿದಾಳಿಗೆ ಹೇಳಿ ಅವಳೊಬ್ಬಳೇ ಹೋದಳು.

ಬಸ್ಸಿಳಿದಾಗ ಬೀದಿಯಲ್ಲಿ ಯಾರೂ ಕೂಗಲಿಲ್ಲ. ಅಂಬುಜಾಕ್ಷಿ ಐದು ಮನೆಗಳಲ್ಲಿ ಸ್ಯಾಂಪಲ್ಲು ತೆಗೆದುಕೊಂಡಳು. ಆಮೇಲೆ ಕೆಂಚಮ್ಮನ ಮನೆಗೆ ಹೋದಳು. ಸೊಸೆ ತಿಮ್ಮಕ್ಕ ಬಾಗಿಲಿಗೆ ಬಂದಳು.

"ಅತ್ತೆ ಹೋದ ವರ್ಷವೇ ತೀರಿಕೊಂಡ್ರು. ನೀವು ಬಂದು ಹೋದ ನಾಕು ದಿನಕ್ಕೆ. ಇದೇ ವಾಂತಿಭೇದಿ. ಆಸ್ಪತ್ರೆಗೆ ಹೋಗೋ ದಾರೀಲಿ ಜೀವ ಹೋಯ್ತು."

ಅಂಬುಜಾಕ್ಷಿ ಜಗಲಿಯ ಮೇಲೆ ಕೂತುಬಿಟ್ಟಳು. ಏನು ಮಾತಾಡಿದಳೋ, ಎಷ್ಟು ಹೊತ್ತು ಕೂತಳೋ ಅವಳಿಗೇ ತಿಳಿಯಲಿಲ್ಲ. ಪೆಟ್ಟಿಗೆ ಅಂಗಳದ ಬಿಸಿಲಿನಲ್ಲಿ ಉಳಿಯಿತು. ವಾಪಸು ಬರುವಾಗ ಹೋಬಳಿಯ ಸೋಡಾ ಅಂಗಡಿಯಲ್ಲಿ ಹೊಸ ಐಸು ತುಂಬಿಸಿಕೊಳ್ಳುವುದು ಅವಳ ರೂಢಿ. ಅಂದು ಬಸ್ಸು ಸೋಡಾ ಅಂಗಡಿ ದಾಟಿದ್ದೂ ಗೊತ್ತಾಗಲಿಲ್ಲ. ಪ್ರಯೋಗಾಲಯಕ್ಕೆ ಬಂದು ಮುಚ್ಚಳ ತೆಗೆದರೆ ಐಸಿಲ್ಲ. ಬೆಚ್ಚಗಿನ ನೀರಿನಲ್ಲಿ ಐದು ಡಬ್ಬಿಗಳು ತೇಲುತ್ತಿದ್ದವು.

ನಿಯಮದ ಪ್ರಕಾರ ಎಸೆಯಬೇಕು. ಕೈ ಕಸದ ಬುಟ್ಟಿಯವರೆಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಕೆಂಚಮ್ಮನನ್ನು ಕೊಂದದ್ದು ಈ ಡಬ್ಬಿಯಲ್ಲಿದೆ, ನನಗೆ ಇನ್ನೊಂದು ಸಲ ಇಲ್ಲ, ಎಂದುಕೊಂಡಳು. ತನ್ನದೇ ಪ್ರಯೋಗಾಲಯದಲ್ಲಿ ಕಳ್ಳಿಯಂತೆ ಅತ್ತ ಇತ್ತ ನೋಡಿ, ಐದನ್ನೂ ತಟ್ಟೆಗಳಿಗೆ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು.

ಮರುದಿನ ಐದು ತಟ್ಟೆಗಳಲ್ಲೂ ಒಂದೇ ಬಗೆಯ ಹಳದಿ ಚುಕ್ಕೆಗಳು ಬೆಳೆದಿದ್ದವು. ಅವಳು ಹಿಂದೆ ಎಂದೂ ಕಾಣದ ಒಂದು ಬ್ಯಾಕ್ಟೀರಿಯಾ. ಅವಳು ಅದನ್ನು ಎರಡು ಪಾಲು ಮಾಡಿದಳು. ಒಂದು ಪಾಲನ್ನು ಐಸಿನಲ್ಲಿಟ್ಟಳು, ಇನ್ನೊಂದನ್ನು ಮೇಜಿನ ಮೇಲೆ ಬಿಟ್ಟಳು. ಅದರ ಮರುದಿನ ಎರಡನ್ನೂ ಹೊಸ ತಟ್ಟೆಗೆ ಸವರಿದಳು. ಮೇಜಿನ ಮೇಲಿದ್ದದ್ದು ಬೆಳೆಯಿತು. ಐಸಿನಲ್ಲಿದ್ದದ್ದು ಸತ್ತಿತ್ತು.

ಅಯ್ಯೋ ಎಂದು ತಲೆ ಚಚ್ಚಿಕೊಂಡಳು ಅಂದುಕೊಂಡೆಯಾ? ಇಲ್ಲ. ಜೋರಾಗಿ ನಕ್ಕುಬಿಟ್ಟಳು. ಇಷ್ಟು ವರ್ಷ ಕಳ್ಳನನ್ನು ಹಿಡಿಯಲು ಹೋಗಿ, ಪ್ರತಿ ಸಲ ತಾನೇ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಳಿಗೆ ಸಾಯಿಸಿ ತಂದಿದ್ದಳು. ಆಮೇಲೆ ಕಳ್ಳನೇ ಇಲ್ಲವೆಂದು ಬರೆದಿದ್ದಳು. ಕೊನೆಗೂ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಅವಳಿಗೆ ಪುಸ್ತಕ ನೆನಪಾಗಲಿಲ್ಲ, ಮಾನ ಹೋಗುತ್ತದೆ ಎಂಬುದೂ ನೆನಪಾಗಲಿಲ್ಲ. ತಟ್ಟೆ ಹಿಡಿದುಕೊಂಡು ಶಾಹಿದಾಳ ಕೋಣೆಗೆ ಓಡಿದಳು.

"ಶಾಹಿದಾ, ನೋಡೇ ಇಲ್ಲಿ! ಹಳ್ಳದಹಟ್ಟಿಯದು! ಐಸಿಗೆ ಸಾಯುತ್ತೆ ಕಣೇ ಇದು, ಐಸಿಗೆ ಸಾಯುತ್ತೆ!"

ಶಾಹಿದಾ ತಟ್ಟೆಯನ್ನು ನೋಡಲಿಲ್ಲ. ತಲೆ ತಗ್ಗಿಸಿ ಮೇಜನ್ನು ನೋಡುತ್ತ ಕೂತಳು.

ಅಂಬುಜಾಕ್ಷಿಯ ನಗು ಅಲ್ಲಿಗೆ ನಿಂತಿತು. ಮೂವತ್ತೆರಡು ವರ್ಷ ಕಣ್ಣಿಗೆ ಕಾಣದ್ದನ್ನು ನೋಡಿದವಳು, ಎದುರಿಗೆ ಕೂತ ಹುಡುಗಿಯ ಮುಖ ಓದಲಾರಳೇ?

"ಎಷ್ಟು ದಿನದಿಂದ ಗೊತ್ತು ನಿನಗೆ?"

"ನಾಲ್ಕು ವರ್ಷ, ಮೇಡಂ." ಎಂದಳು ಶಾಹಿದಾ. "ಆ ಸಲ ಹಳ್ಳದಹಟ್ಟಿಯಿಂದ ಪೆಟ್ಟಿಗೆ ನಾನು ತಂದೆ, ದಾರಿಯಲ್ಲಿ ಬಸ್ಸು ಕೆಟ್ಟು ಐಸು ಕರಗಿತ್ತು. ಎಸೆದೆ ಎಂದು ಬರೆದೆ. ಆದರೆ ಒಂದನ್ನು ತಟ್ಟೆಗೆ ಹಾಕಿ ನೋಡಿದೆ. ಇದೇ ಬೆಳೆಯಿತು. ಹೇಳಬೇಕು ಅಂತ ಬಂದೆ, ಅವತ್ತೇ ನಿಮಗೆ ಪ್ರಶಸ್ತಿಯ ಕಾಗದ ಬಂದಿತ್ತು. ಮಾರನೆಯ ವರ್ಷ ನಿಮ್ಮ ಕಣ್ಣಿನ ಆಪರೇಷನ್. ಆಮೇಲೆ ಪುಸ್ತಕ ಶುರುವಾಯಿತು. ಐಸು ಅಂದರೆ ನೀವು, ನೀವು ಅಂದರೆ ಐಸು. ನಾನು ಯಾವ ಬಾಯಲ್ಲಿ ಹೇಳಲಿ? ನೀವು ನಿವೃತ್ತರಾದ ಮೇಲೆ ನಾನೇ ಮೆಲ್ಲಗೆ ಸರಿಮಾಡೋಣ ಅಂತಿದ್ದೆ. ನಿಮ್ಮ ಮನಸ್ಸು ನೋಯಬಾರದು ಅಂತ. ನೀವು ನನಗೆ ತಾಯಿ ಇದ್ದ ಹಾಗೆ."

"ತಾಯಿಗೆ ಕಣ್ಣು ಕಾಣದಿದ್ದರೆ, ಅವಳಿಗೆ ಬೇಜಾರಾಗುತ್ತೆ ಅಂತ ಬಾವಿಯವರೆಗೂ ಸುಮ್ಮನೆ ನಡೆಸಿಕೊಂಡು ಹೋಗ್ತೀಯೇನೇ?"

ಶಾಹಿದಾ ಅಳತೊಡಗಿದಳು.

"ಕೆಂಚಮ್ಮ ಹೋದ ವರ್ಷ ಸತ್ತುಹೋದಳು ಕಣೇ" ಎಂದಳು ಅಂಬುಜಾಕ್ಷಿ. "ಇದರಿಂದಲೇ."

ಶಾಹಿದಾ ಅಳುವುದನ್ನೂ ನಿಲ್ಲಿಸಿದಳು. ಆ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಡಬ್ಬಿ ಕೊಡದ ಗಂಡಸರನ್ನು ಮುದುಕಿ ಅಟ್ಟಾಡಿಸುವಾಗ ಹಿಂದೆ ನಿಂತು ನಗುತ್ತಿದ್ದವಳು ಅವಳೂ ಹೌದು. ಎದ್ದು ನಿಂತು, "ನಾನು ಹೋಗುತ್ತೇನೆ ಮೇಡಂ. ಇಲ್ಲಿರಲು ನನಗೆ ಯೋಗ್ಯತೆಯಿಲ್ಲ" ಎಂದಳು.

"ಕೂತುಕೋ!" ಎಂದು ಅಂಬುಜಾಕ್ಷಿ ಗದರಿದಳು. ಆಮೇಲೆ ಎದುರು ಕುರ್ಚಿ ಎಳೆದುಕೊಂಡು ತಾನೂ ಕೂತಳು. "ಅವತ್ತು ಆ ಹುಡುಗ ಕರಗಿದ ಪೆಟ್ಟಿಗೆ ತಂದನಲ್ಲ, ಅವನನ್ನು ನಾನು ಓಡಿಸಿದೆ. ಅದನ್ನು ನೀವೆಲ್ಲ ನೋಡಿದಿರಿ. ನಿಮ್ಮ ಬಾಯಿ ಕಟ್ಟಿದವಳು ನಾನೇ. ನಿನ್ನೊಬ್ಬಳನ್ನೇ ಬೈದರೆ ದೇವರು ಮೆಚ್ಚುವುದಿಲ್ಲ. ಏಳು, ಮುಖ ತೊಳೆದುಕೋ. ಹಳ್ಳದಹಟ್ಟಿಗೆ ಹೋಗೋಣ."

ಇಬ್ಬರೂ ಹೋದರು. ಅಂಬುಜಾಕ್ಷಿ ಮೊದಲು ಪಂಚಾಯಿತಿಗೆ ಹೋಗಿ, ನಿಮ್ಮ ನೀರನ್ನೂ ನಾನು ಐಸಿನಲ್ಲೇ ತಂದು ನೋಡಿದ್ದೆ, ರೋಗ ನೀರಿನಲ್ಲೇ ಇರಬೇಕು, ನಾನು ತಪ್ಪು ಬರೆದಿದ್ದೆ ಎಂದಳು. ಜನ ಅಗೆದು ನೋಡಿದರು. ಊರ ಚರಂಡಿಯ ಕೆಳಗೆ ಹಾದು ಹೋದ ಪೈಪು ಒಡೆದಿತ್ತು. ಅದನ್ನು ಸರಿಪಡಿಸಿದರು. ಮುಂದಿನ ವರ್ಷ ಆ ಊರಿನಲ್ಲಿ ವಾಂತಿಭೇದಿ ಬರಲಿಲ್ಲ. ಅದು ಆಮೇಲಿನ ಮಾತು.

ಪಂಚಾಯಿತಿಯಿಂದ ಅವರು ನೇರವಾಗಿ ತಿಮ್ಮಕ್ಕನ ಮನೆಗೆ ಹೋದರು. ಅಂಬುಜಾಕ್ಷಿ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ತನ್ನ ತಪ್ಪು ಹೇಳಿದಳು. ನಾಲ್ಕು ವರ್ಷದ ಮೌನವನ್ನು ಶಾಹಿದಾ ತಾನೇ ಹೇಳಿದಳು. ತಿಮ್ಮಕ್ಕ ಬೈಯುತ್ತಾಳೆ, ಬೈದರೆ ಬೈಸಿಕೊಳ್ಳೋಣ ಎಂದು ಇಬ್ಬರೂ ತಲೆ ಬಗ್ಗಿಸಿ ನಿಂತರು.

ತಿಮ್ಮಕ್ಕ ಬೈಯಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನೀರು ಕಾಯಿಸಿ ಕುಡಿ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು ಕಣ್ರವ್ವ. ನೀವು ಅಂದಿದ್ದನ್ನ ಅತ್ತೆ ಒಂದೂ ಬಿಟ್ಟೋಳಲ್ಲ. ಸಾಯೋ ಹಿಂದಿನ ದಿನ, ತಂಗಳು ಮುದ್ದೆ ತಿನ್ನಬೇಕು ಅನ್ನಿಸ್ತದೆ ಅಂದ್ಲು. ಕೊಡ್ಲಾ ಅಂದೆ. ಬ್ಯಾಡ ಕಣೆ, ಡಾಕ್ಟ್ರಮ್ಮಂಗೆ ಮಾತು ಕೊಟ್ಟಿದೀನಿ, ಅಂದ್ಲು."

ಅಂಬುಜಾಕ್ಷಿ ಆ ಮನೆಯ ಹೊಸಿಲ ಮೇಲೆಯೇ ಕೂತು ಮಗುವಿನ ಹಾಗೆ ಅತ್ತಳು. ಶಾಹಿದಾ ಅವಳ ಪಕ್ಕದಲ್ಲಿ ಕೂತು ಅತ್ತಳು. ಕೊನೆಗೆ ಇಬ್ಬರನ್ನೂ ಸಮಾಧಾನ ಮಾಡುವ ಕೆಲಸ ತಿಮ್ಮಕ್ಕನ ಪಾಲಿಗೆ ಬಂತು.

ಪುಸ್ತಕದಲ್ಲಿ ಐಸಿನ ಅಧ್ಯಾಯವನ್ನು ಅಂಬುಜಾಕ್ಷಿ ತೆಗೆದುಹಾಕಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಅಧ್ಯಾಯ ಬರೆದಳು. ಹಳ್ಳದಹಟ್ಟಿಯ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದು ನನ್ನ ಶಿಷ್ಯೆ ಶಾಹಿದಾ ಎಂದು ಬರೆದಳು. ಅವಳು ನಾಲ್ಕು ವರ್ಷ ನನಗೆ ಹೇಳಲಿಲ್ಲ, ಏಕೆಂದರೆ ನಾನು ಹೇಳಿಸಿಕೊಳ್ಳುವ ಹೆಂಗಸಾಗಿರಲಿಲ್ಲ ಎಂದೂ ಬರೆದಳು. ಶಾಹಿದಾ ಆ ಸಾಲು ಬೇಡವೆಂದು ಕಾಲು ಹಿಡಿದಳು. "ಅಕ್ಷರ ಇರುವೆ ಸಾಲಿನ ಹಾಗಿದ್ದರೂ ಪರವಾಗಿಲ್ಲ, ನೀನೇ ಅಚ್ಚಿಗೆ ನಕಲು ಮಾಡಿಕೊಡು" ಎಂದು ಅಂಬುಜಾಕ್ಷಿ ಅವಳ ಕೈಯಲ್ಲೇ ಬರೆಸಿದಳು.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ನೆಲ ನೋಡುತ್ತಲೇ ಕೇಳಿದ: "ಹಾಗಾದರೆ ಕೆಂಚಮ್ಮನ ಸಾವು ಯಾರ ತಲೆಗೆ ಗುರುಗಳೇ? ತಪ್ಪು ಮಾಡಿದ ಗುರುವಿನ ತಲೆಗೋ, ಪ್ರೀತಿಯಿಂದ ಸುಮ್ಮನಿದ್ದ ಶಿಷ್ಯೆಯ ತಲೆಗೋ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಅದಿರಲಿ ತಮ್ಮಾ, ನನ್ನ ತಪ್ಪು ನಿನಗೆ ಎಷ್ಟು ದಿನದಿಂದ ಗೊತ್ತು?"